ಬಣವಿ ಅಳೆದ ಜಡ್ಜ ಸಾಹೇಬರು

ಹುಲಗೂರಿನ ಅಲ್ಲಾಭಕ್ಷ ಸಾಹೇಬರ ಜಡ್ಜಗಿರಿ ಹೋಯಿತು, ಅದೂ ಲಂಚ ತಿಂದು ಹೋಯಿತು ಎಂದು ಸವಣೂರಿನ ಹತ್ತಿ ವ್ಯಾಪಾರಿ ಉಳವಪ್ಪನವರು ಗಟ್ಟಿಯಾಗಿ ನಂಬಿದ್ದರು. ಸಂಸ್ಥಾನದ ಎತ್ತರದ ಕುರ್ಚಿಯಲ್ಲಿ ಕುಳಿತು ತೀರ್ಪು ಓದುತ್ತಿದ್ದ ಮನುಷ್ಯ, ೧೯೪೧ರ ಸುಗ್ಗಿಯಲ್ಲಿ ಶೇರವಾನಿಯ ತೋಳು ಮೇಲೇರಿಸಿ, ಕಂಡವರ ಹಿತ್ತಲು ಹೊಕ್ಕು, ಕೈಕೋಲಿನಿಂದ ಹುಲ್ಲಿನ ಬಣವಿ ಅಳೆಯುತ್ತಿದ್ದರೆ ಬೇರೆ ಏನೆಂದು ತಿಳಿಯಬೇಕು? ಅಂಥವರಿಗೆ ಸಲಾಮು ಮಾಡಿದರೆ ತಮ್ಮ ಹೆಸರು ಕೆಡುತ್ತದೆಂದು ಉಳವಪ್ಪನವರು ಓಣಿಯನ್ನೇ ಬದಲಿಸಿ ಓಡಾಡಿದರು.

ಸಂಗತಿ ಬೇರೆಯೇ ಇತ್ತು. ಬೆಂಕಿ ಅನಾಹುತ ತಡೆಯುವ ಹೊಸ ಹುದ್ದೆಯನ್ನು ಸಾಹೇಬರು ತಾವೇ ಕೇಳಿ ಪಡೆದಿದ್ದರು. ಗುಡಿಸಲು ಸುಟ್ಟ ಮೊಕದ್ದಮೆಯೊಂದರಲ್ಲಿ ಹೊಳೆವ್ವ ಎಂಬ ಮುದುಕಿಯ ಪರ ತೀರ್ಪು ಓದಿ, ಅದರ ಭಾಷೆಗೆ ತಾವೇ ತಲೆದೂಗಿ ಕನ್ನಡಕ ಒರೆಸುತ್ತಿದ್ದಾಗ ಆಕೆ ಕೇಳಿದ್ದಳು: "ಗೆದ್ದಿ ಅಂದ್ರಿ, ಚಲೋ ಆತ್ರಿ. ಇವತ್ತ ಎಲ್ಲಿ ಮಲಗ್ಲಿ?" ಸಾಹೇಬರು ತೀರ್ಪು ಮಡಚಿಟ್ಟು ಈ ಹುದ್ದೆಗೆ ಅರ್ಜಿ ಬರೆದರು.

ಉಳವಪ್ಪನವರ ಹಿತ್ತಲಿಗೂ ಸಾಹೇಬರು ಬಂದರು. ಅಲ್ಲಿ ಅವರ ಬಣವಿ, ಪಕ್ಕದ ಮನೆಯ ಫಕ್ಕೀರಪ್ಪನ ಬಣವಿ ಒಂದಕ್ಕೊಂದು ಆತುಕೊಂಡು ನಿಂತಿದ್ದವು. ಆ ಹಿತ್ತಲ ಗಡಿಯ ಜಗಳವನ್ನು ಇಬ್ಬರೂ ಇದೇ ಸಾಹೇಬರ ಮುಂದೆ ವರ್ಷಗಟ್ಟಲೆ ನಡೆಸಿದ್ದರು. ಒಂದು ಗೇಣು ಹಿಂದೆ ಸರಿದವನು ಸೋತಂತೆ.

"ಉಳವಪ್ಪನವ್ರ, ನಡುವ ಒಂದ ಗಾಡಿ ಹೋಗೋವಷ್ಟು ಜಾಗಾ ಬಿಡ್ರಿ. ಆ ಕಡೆ ಕಿಡಿ ಬಿದ್ರ ಈ ಕಡೆ ಮನಿ ಉಳೀಬೇಕು."

"ಬಿಟ್ರ ನಾಳೆ ಫಕ್ಕೀರಪ್ಪ ಅಲ್ಲಿ ಎಮ್ಮಿ ಕಟ್ತಾನ್ರಿ."

"ಎಮ್ಮಿ ಇದ್ದಾಂವ ಕಟ್ತಾನ," ಬಣವಿಯ ಆಚೆಯಿಂದ ಫಕ್ಕೀರಪ್ಪನ ದನಿ ಬಂತು. "ನಿನಗ್ಯಾಕ ಹೊಟ್ಟಿಕಿಚ್ಚು?"

ಸಾಹೇಬರು ಕೈಕೋಲು ಎತ್ತಿಕೊಂಡು ಹೋದರು. ಕೆಲವು ದಿನಗಳಲ್ಲೇ, ಮಟಮಟ ಮಧ್ಯಾಹ್ನ, ಫಕ್ಕೀರಪ್ಪನ ಬಣವಿಗೆ ಬೆಂಕಿ ಬಿತ್ತು. ಅದರ ಈಚೆಗೆ ಉಳವಪ್ಪನವರ ಬಣವಿ, ಅದಕ್ಕೆ ಆತುಕೊಂಡೇ ಅವರ ಮನೆ. ಮನೆಯ ಹಿಂಬದಿಯ ಕೋಣೆಯಲ್ಲಿ ಸೊಂಟ ಮುರಿದು ಮಲಗಿದ್ದ ತಾಯಿ ಶಿವಬಸವ್ವ. ಆಕೆಯನ್ನು ಮಂಚದಿಂದ ಎತ್ತಬಾರದೆಂದು ವೈದ್ಯರು ಹೇಳಿದ್ದರು. ಮಂಚ ಬಾಗಿಲಲ್ಲಿ ಹಿಡಿಸುತ್ತಿರಲಿಲ್ಲ.

ಸಾಹೇಬರು ಓಡಿ ಬಂದರು. ಅವರನ್ನು ಕಂಡದ್ದೇ ತಡ, ಹಳೆಯ ರೂಢಿಯಂತೆ ಇಬ್ಬರೂ ಕೈಮುಗಿದು ಎದುರು ನಿಂತರು.

"ಇವನ ಚುಟ್ಟಾದ ಕಿಡೀರಿ ಸಾಹೇಬ್ರ," ಎಂದರು ಉಳವಪ್ಪನವರು.

"ಖೊಟ್ಟಿ ಮಾತ್ರಿ. ನಾ ಊರಾಗ ಇದ್ದಿಲ್ಲ."

ಓಣಿಯ ಜನರೂ ಕೋರ್ಟಿನ ಪಡಸಾಲೆಯಲ್ಲಿ ನಿಂತಂತೆ ಸಾಲಾಗಿ ನಿಂತು ತೀರ್ಪಿಗೆ ಕಿವಿಗೊಟ್ಟರು. ಸಾಹೇಬರು ಆ ಸಾಲನ್ನು ನೋಡಿದರು. ಅದರ ಬಾಲ ಬಾವಿಯ ಕಟ್ಟೆಯತನಕ ಮುಟ್ಟಿತ್ತು.

"ಹಂಗ ನಿಂದರ್ರಿ ಎಲ್ಲಾರೂ. ಕೊಡ ಕೈಯಿಂದ ಕೈಗೆ ಬರ್ಲಿ. ಇವರ ಕೇಸು ಬೆಂಕಿ ಆರಿದ ಮ್ಯಾಲೆ."

ವಾದಿ ಪ್ರತಿವಾದಿ ಇಬ್ಬರ ಕೈಗೂ ಕೊಕ್ಕೆಯ ಕೋಲು ಕೊಟ್ಟು ಉಳವಪ್ಪನವರ ಬಣವಿಯನ್ನು ಕೆಡವಿಸಿದರು. ತಮ್ಮ ಹುಲ್ಲನ್ನು ತಾವೇ ಎಳೆದು ಚೆಲ್ಲುತ್ತಿದ್ದ ಉಳವಪ್ಪನವರು ಪಕ್ಕಕ್ಕೆ ತಿರುಗಿದರೆ, ಫಕ್ಕೀರಪ್ಪ ಅವರಿಗಿಂತ ಜೋರಾಗಿ ಎಳೆಯುತ್ತಿದ್ದ. ಅವನ ಅರ್ಧ ಮೀಸೆ ಸುಟ್ಟಿತ್ತು. ಬೆಂಕಿ ಬರಿನೆಲಕ್ಕೆ ಬಂದು ನಿಂತಿತು. ಒಂದು ಗಾಡಿ ಹೋಗುವಷ್ಟು ನೆಲ.

"ಹೊರಗ ಏನ ಗದ್ಲಪಾ ಅದು, ಲಗ್ನಾನ?" ಎಂದು ಒಳಗಿನಿಂದ ಶಿವಬಸವ್ವ ಕೇಳಿದಳು. ಆ ದನಿ ಕೇಳಿ ಉಳವಪ್ಪನವರು ಕೋಲು ಬಿಸಾಕಿ ಒಳಗೆ ಓಡಿದರು.

ಮುಂದೆ ಆ ಜಾಗದಲ್ಲಿ ಯಾರೂ ಬಣವಿ ಒಟ್ಟಲಿಲ್ಲ, ಎಮ್ಮೆಯನ್ನೂ ಕಟ್ಟಲಿಲ್ಲ. ಸಾಹೇಬರನ್ನು ಕಂಡರೆ ಓಣಿ ಬದಲಿಸುತ್ತಿದ್ದ ಉಳವಪ್ಪನವರು ಈಗ ಓಣಿ ಬದಲಿಸಿ ಬಂದು ಸಲಾಮು ಮಾಡುತ್ತಿದ್ದರು. ತಾಯಿ ಎದ್ದು ಓಡಾಡಿದ ಮೇಲೆ ಸಾಹೇಬರನ್ನು ಹೋಳಿಗೆ ಊಟಕ್ಕೆ ಕರೆದರು, ಬಡಿಸಿದವಳು ಶಿವಬಸವ್ವನೇ. ಉಳವಪ್ಪನವರ ಕಣ್ಣು ತುಂಬಿ ಬಂತು. ಏನಾದರೂ ತೂಕದ ಮಾತು ಆಡಬೇಕೆನಿಸಿ, ಗಂಟಲು ಸರಿಮಾಡಿಕೊಂಡರು.

"ಸಾಹೇಬ್ರ, ಇನ್ನೊಮ್ಮೆ ಬೆಂಕಿ ಹತ್ತಿತು ಅಂದ್ರ, ಅರ್ಜಿ ನಿಮ್ಮ ಕಚೇರಿಗೆ ಕೊಡಬೇಕೋ, ಮನಿಗೆ ತಂದು ಕೊಡಬೇಕೋ?"

ಸಾಹೇಬರು ಹೋಳಿಗೆ ಮುರಿಯುತ್ತ ಹೇಳಿದರು:

"ಬಾವಿಗೆ ಕೊಡ್ರಿ."