ಜಿನ್ನಪ್ಪಣ್ಣನ ‘ಝಾಲಂ’

ಜಿನ್ನಪ್ಪಣ್ಣ ಕ್ಯಾಮೆರಾ ಹಿಡಿದನೆಂದರೆ ಸುಳ್ಳು ಹೇಳುತ್ತಿದ್ದ. ಅದೂ ಒಂದೇ ಸುಳ್ಳು. ‘ಝಾಲಂ!’ ಮರಾಠಿಯಲ್ಲಿ ಹಾಗೆಂದರೆ ‘ಮುಗೀತು’. ಅಲ್ಲಿಯವರೆಗೆ ಉಸಿರು ಬಿಗಿಹಿಡಿದು ಕೂತಿದ್ದವರು ಆ ಮಾತು ಕೇಳಿ ಹೆಗಲು ಇಳಿಸಿ, ಪಕ್ಕದವರ ಕಡೆ ತಿರುಗಿ ನಗುತ್ತಿದ್ದರು. ಅವನು ಗುಂಡಿ ಒತ್ತುತ್ತಿದ್ದುದು ಆಗ. ಮೊದಲು ಒತ್ತಿದ್ದೆಲ್ಲ ಬರೀ ನಾಟಕ.

ಕುಡಚಿಯ ಈ ಮನುಷ್ಯನ ಫೋಟೋಗಳು ಮುಂಬೈ, ದಿಲ್ಲಿಯ ಪ್ರದರ್ಶನಗಳ ಗೋಡೆ ಏರಿದವು. ನನ್ನವು ಚಿಕ್ಕೋಡಿ ಕೋರ್ಟಿನ ಅರ್ಜಿಗಳಿಗೆ ಅಂಟಿಕೊಂಡವು. ಸ್ಟುಡಿಯೋ ಇಟ್ಟವನು ನಾನು. ಕ್ಯಾಮೆರಾ ನನ್ನದೇ ದೊಡ್ಡದು, ಲೈಟೂ ನನ್ನದೇ ಜಾಸ್ತಿ. ಆದರೂ ಜನ ನನ್ನ ಅಂಗಡಿಗೇ ಬಂದು, “ಜಿನ್ನಪ್ಪಣ್ಣಾರ ಬಂದಾರಂತಲ್ರಿ, ಎಲ್ಲಿ ಅದಾರ?” ಎಂದು ಕೇಳುತ್ತಿದ್ದರು. ಹೊಟ್ಟೆ ಉರಿಯುತ್ತಿತ್ತು, ಸುಳ್ಳೇಕೆ ಹೇಳಲಿ?

ಎಲ್ಲಕ್ಕಿಂತ ಹೆಚ್ಚು ಉರಿದದ್ದು ಅವ್ವನ ವಿಷಯದಲ್ಲಿ. ನಾನು ತೆಗೆದ ಒಂದು ಫೋಟೋವನ್ನಾದರೂ ಅವಳು ‘ಚಂದ ಬಂದೈತಿ’ ಅನ್ನಲಿ ಎಂದು ಎಷ್ಟು ಆಸೆಪಟ್ಟಿದ್ದೆ! ಕ್ಯಾಮೆರಾ ಕಂಡರೆ ಜಗಳದ ಪಂಚಾಯ್ತಿಗೆ ಬಂದವಳಂತೆ ಮುಖ ಗಂಟಿಕ್ಕುವಳು. ಫೋಟೋ ತೋರಿಸಿದರೆ, “ಇಕಿ ಯಾವಾಕಿ?” ಎನ್ನುವಳು. ಒಮ್ಮೆ ಜಿನ್ನಪ್ಪಣ್ಣ ಚಹಾಕ್ಕೆ ಮನೆಗೆ ಬಂದ. “ಅಕ್ಕಾರ, ಒಂದ್ ಫೋಟೋ” ಎಂದ. ಅವ್ವ ಬಿಗಿದು ಕೂತಳು.

“ಝಾಲಂ ರೀ. ಅಲ್ರಿ ಅಕ್ಕಾರ, ಚಹಾಕ್ಕ ಸಕ್ರಿ ಹಾಕೀರೋ, ಸಕ್ರಿಗೆ ಚಹಾ ಹಾಕೀರೋ?”

ಅವ್ವ ಇದ್ದಬದ್ದ ಹಲ್ಲೆಲ್ಲ ತೋರಿಸಿ ನಕ್ಕಳು. ಆ ಫೋಟೋ ಇಂದಿಗೂ ನಮ್ಮ ದೇವರ ಜಗುಲಿಯ ಪಕ್ಕದಲ್ಲಿದೆ. ಹೊಟ್ಟೆಯಲ್ಲಿ ಹುಟ್ಟಿದವನು ನಾನು, ನಗು ಮಾತ್ರ ಅವನಿಗೆ!

ಆ ಮಂತ್ರ ನಾನೂ ಹಾಕಿ ನೋಡಿದೆ. ಅಥಣಿಯ ಮದುವೆಯೊಂದರಲ್ಲಿ ಬೀಗರನ್ನೆಲ್ಲ ಸಾಲಾಗಿ ಕೂರಿಸಿ, ‘ಝಾಲಂ!’ ಎಂದೆ. ಎಲ್ಲರೂ ಎದ್ದು ಊಟಕ್ಕೆ ಓಡಿದರು. ನನಗೆ ಸಿಕ್ಕಿದ್ದು ಖಾಲಿ ಕುರ್ಚಿಗಳು, ಒಬ್ಬ ಮಾವನ ಬೆನ್ನು. ಸುದ್ದಿ ತಿಳಿದು ಜಿನ್ನಪ್ಪಣ್ಣ ಕಣ್ಣಲ್ಲಿ ನೀರು ಬರುವಂತೆ ನಕ್ಕ. “ಲೇ ತಮ್ಮಾ, ಝಾಲಂ ಅಂದ ಸುಮ್ನ ನಿಂದ್ರಬಾರದ. ಅವರ ಜೋಡಿ ಮಾತಾಡಬೇಕ. ನಿನಗ ಮಂದಿಗಿಂತ ಲೈಟಿನ ಚಿಂತಿ ಜಾಸ್ತಿ” ಎಂದ. ಸರಿಯಾದ ಮಾತು, ಅದಕ್ಕೇ ಇನ್ನಷ್ಟು ಸಿಟ್ಟು ಬಂತು.

ಹೋದ ವರ್ಷ ಅವನಿಗೆ ಆರಾಮಿಲ್ಲವೆಂದು ಕುಡಚಿಗೆ ಹೋದೆ. ಅಂಗಳದ ಕುರ್ಚಿಯಲ್ಲಿ ಸೊರಗಿ ಕೂತಿದ್ದ. “ಎಲ್ಲಾರ್ದೂ ತಗದೆ, ನಂದ ಒಂದೂ ಚಲೋ ಫೋಟೋ ಇಲ್ಲ. ತಗಿ” ಎಂದ. ನಾನು ಕ್ಯಾಮೆರಾ ಎತ್ತಿದ್ದೇ ತಡ, ಅವನೂ ಅವ್ವನಂತೆಯೇ ಬಿಗಿದು ಕೂತ!

“ಝಾಲಂ ಅಣ್ಣಾ. ಸಕ್ರಿ ಕಡಿಮಿ ಹಾಕ್ತೀನಿ, ಚಹಾಕ್ಕ ಬಾ ಅಂದಾಳ ಅವ್ವ.”

ಅವನ ಕಣ್ಣು ಅರಳಿದವು. “ಲೇ ಕಳ್ಳಾ, ನನ್ನ ಮಾಲ ನನಗ ಮಾರ್ತಿಯೇನಲೇ?” ಎಂದು ಬಾಯ್ತುಂಬ ನಕ್ಕ. ಒತ್ತಿದೆ. ನನ್ನ ಜನ್ಮದಲ್ಲಿ ಅಂಥ ಫೋಟೋ ಇನ್ನೊಂದು ತೆಗೆದಿಲ್ಲ.

ದ್ರಾಕ್ಷಿ ಕೊಯ್ಲಿನ ಹೊತ್ತಿಗೆ ಅವನು ಹೋಗಿಬಿಟ್ಟ. ಶ್ರದ್ಧಾಂಜಲಿಯ ಬ್ಯಾನರಿನಲ್ಲಿ, ಪೇಪರಿನಲ್ಲಿ, ಎಲ್ಲರ ಮೊಬೈಲಿನಲ್ಲಿ ಅದೇ ನಗು. ತೆಗೆದವನ ಹೆಸರು ಎಲ್ಲೂ ಇರಲಿಲ್ಲ. ಅವ್ವ ಪೇಪರ್ ಹಿಡಿದು ಬಹಳ ಹೊತ್ತು ನೋಡಿ, ಸೆರಗಿನಿಂದ ಕಣ್ಣೊರೆಸಿಕೊಂಡಳು.

“ಎಷ್ಟ ಚಂದ ಬಂದೈತಿ!”

ನಾನು ಬಾಯಿ ತೆರೆಯುವುದರೊಳಗೆ ಅವಳೇ ಅಂದಳು: “ತನ್ನ ಫೋಟೋನೂ ತಾನ ತಗದಕೊಂಡ ಹೋಗ್ಯಾನ ನೋಡ, ಪುಣ್ಯಾತ್ಮ!”