ಗಿಡ ಹತ್ತಿದ ಅವರು, ರೊಟ್ಟಿ ತಿಂದ ಅವರು

ಗುಂಡಾ, ಬಂಗಾರೀ, ನಿಮ್ಮ ತಾತ ನಾಟಕದಲ್ಲಿ ಕರಡಿಯಾದದ್ದು ಹೇಗೆ ಎಂದು ಕೇಳಿದ್ದೀರಿ. ಫೋನು ಕಿವಿಗಿಟ್ಟರೆ ನನಗೆ ಮಾತು ಹೊರಡುವುದಿಲ್ಲ. ಹಳ್ಳಿ ಸಾಲೆಯಲ್ಲಿ ಏಳನೆಯವರೆಗೆ ಓದಿದ್ದೇನೆ, ಅಷ್ಟರಲ್ಲೇ ಬರೆಯುತ್ತೇನೆ.

ಕಂಪ್ಲಿಯ ಮನೆಯ ಹಿಂದೆ ನಮ್ಮ ಭತ್ತದ ಗೋದಾಮು ಖಾಲಿ ಬಿದ್ದಿತ್ತಲ್ಲ, ಅದನ್ನು ಮೈಸೂರು ಕಡೆಯ ಒಬ್ಬ ನಾಟಕದ ಮೇಡಂ ಎರಡು ತಿಂಗಳಿಗೆ ಬಾಡಿಗೆ ಹಿಡಿದರು. ನಟನೆ ಕಲಿಯುವ ಏಳು ಮಂದಿ ಹುಡುಗ ಹುಡುಗಿಯರನ್ನು ಕರೆತಂದು ಹೊಸ ನಾಟಕ ಕಟ್ಟುತ್ತೇನೆ ಎಂದರು. ನಾಟಕ ಆಡಿದ ಮೇಲಲ್ಲ, ಕಟ್ಟುವ ಮೊದಲ ದಿನದಿಂದಲೇ ಆ ಮಕ್ಕಳಿಗೆ ವಾರದ ಪಗಾರ. ನಾನು ಅಡುಗೆಮನೆಯ ಕಿಟಕಿಯಿಂದ ನೋಡುತ್ತಿದ್ದೆ. ಒಬ್ಬ ಹಲ್ಲಿಯ ಹಾಗೆ ಗೋಡೆಗೆ ಅಂಟಿಕೊಂಡಿರುತ್ತಿದ್ದ. ಇಬ್ಬರು ನೆಲದ ಮೇಲೆ ಬಿದ್ದು ಗೊರಕೆ ಹೊಡೆಯುತ್ತಿದ್ದರು, ಅದೂ ಬೇರೆ ಬೇರೆ ಥರ. ಇದಕ್ಕೆಲ್ಲ ಪಗಾರ ಉಂಟು ಎಂದು ಗೊತ್ತಿದ್ದರೆ ನಿಮ್ಮ ತಾತನನ್ನು ಎಂದೋ ಸೇರಿಸುತ್ತಿದ್ದೆ.

ಅವರಲ್ಲಿ ಗಾದಿಗನೂರಿನ ಹುಡುಗಿಯೊಬ್ಬಳು ಮಜ್ಜಿಗೆಗೆಂದು ಅಡುಗೆಮನೆಗೆ ಬರುತ್ತಿದ್ದಳು. ಅವಳಪ್ಪ ಸಂಡೂರಿನ ಗಣಿಯಲ್ಲಿ ಲೋಡರ್ ಓಡಿಸುವವನು. ಡ್ಯೂಟಿ ಎನ್ನುವಂಥದ್ದು ಮಾತ್ರ ಅವನಿಗೆ ಕೆಲಸ, ಉಳಿದದ್ದೆಲ್ಲ ಆಟ. ಮೊದಲ ಪ್ರದರ್ಶನಕ್ಕೆ ಬರುತ್ತೇನೆ, ಕೆಲಸ ಅನ್ನಿಸಿದರೆ ನಾಟಕದ ಸಾಲೆಗೆ ವಾಪಸ್ ಹೋಗು, ಇಲ್ಲವಾದರೆ ಬಿ.ಎಡ್. ಎಂದಿದ್ದನಂತೆ. ಬಿ.ಎಡ್. ಅರ್ಜಿಯನ್ನೂ ತುಂಬಿ ಇಟ್ಟಿದ್ದನಂತೆ. ಇದನ್ನು ಹೇಳುವಾಗ ಆ ಹುಡುಗಿ ಮಜ್ಜಿಗೆ ಕುಡಿಯುವುದನ್ನೇ ಮರೆತಿದ್ದಳು.

ಆ ಮೇಡಂ ನಾಟಕ ಕಟ್ಟುವ ರೀತಿಯೇ ಬೇರೆ. ಮೊದಲೇ ಬರೆದ ಪುಸ್ತಕ ಇರುವುದಿಲ್ಲ. ಮಕ್ಕಳು ಊರವರ ಹತ್ತಿರ ಕಥೆ ಕೇಳಿ ಬರಬೇಕು, ಆಡಬೇಕು, ಬದಲಾಯಿಸಬೇಕು. ಕೊನೆಗೆ ಕಥೆ ಹೇಳಿದವರೇ ಬಂದು ನೋಡಿ ಸರಿ ಎನ್ನಬೇಕು. ಅವರು ತಪ್ಪು ಎಂದರೆ ಅಷ್ಟನ್ನೂ ಕಿತ್ತುಹಾಕುವುದು. ಈ ಹುಡುಗಿ ದೂರ ಹೋಗದೆ ನನ್ನನ್ನೇ ಹಿಡಿದಳು.

ಇಲ್ಲೊಂದು ವಿಷಯ ನಿಮಗೆ ತಿಳಿದಿರಬೇಕು. ನಾನು ಗಂಡನ ಹೆಸರು ಹೇಳುವವಳಲ್ಲ. ರೇಷನ್ ಅಂಗಡಿಯಲ್ಲಿ ಕೇಳಿದರೂ ಪಕ್ಕದಲ್ಲಿ ನಿಂತವರಿಂದ ಹೇಳಿಸುತ್ತಿದ್ದೆ. ಅವರು ಅಂದರೆ ಅವರು, ಮುಗಿಯಿತು. ಇನ್ನೊಂದು, ದರೋಜಿ ಕಡೆಯ ನಮ್ಮ ಹೊಲದಲ್ಲಿ ಕರಡಿಯ ಹೆಸರನ್ನೂ ಎತ್ತುವಂತಿರಲಿಲ್ಲ. ಎತ್ತಿದರೆ ಕರೆದ ಹಾಗಾಗುತ್ತದೆ ಎಂದು ನನ್ನ ಅತ್ತೆಯ ಹೆದರಿಕೆ. ಅತ್ತೆ ಕರಡಿಗೂ ಅವರು ಎನ್ನುತ್ತಿದ್ದರು. ನನಗೂ ಅದೇ ರೂಢಿಯಾಯಿತು. ಬರೆಯುವಾಗ ಮಾತ್ರ ಹೆದರಿಕೆಯಿಲ್ಲ, ಕರಡಿಗೆ ಓದಲು ಬರುವುದಿಲ್ಲ.

ಹಾಗಾಗಿ ಆ ಹುಡುಗಿಗೆ ನಾನು ಹೇಳಿದ್ದು ಇಷ್ಟು:

"ಶೇಂಗಾ ಹೊಲಕ್ಕ ಸಂಜಿಮುಂದ ಅವರು ಬಂದ್ರು. ಅವರನ್ನ ನೋಡಿ ಅವರು ಗಿಡ ಹತ್ತಿದ್ರು. ಅವರು ಕೆಳಗ ಕುಂತು ಬುತ್ತಿ ಬಿಚ್ಚಿ ರೊಟ್ಟಿ ತಿಂದ್ರು. ಆಮ್ಯಾಲೆ ಅವರು ಮನಿಗೆ ಬಂದು, ಕಾಲು ತೊಳ್ಕೊಂಡು ಚಾ ಕೇಳಿದ್ರು."

"ಅವರಂದ್ರ ಯಾರಜ್ಜಿ?" ಎಂದಳು.

ಒಬ್ಬರು ನಮ್ಮ ಮನೆಯವರು ಎಂದೆ. ಇನ್ನೊಬ್ಬರಿಗೆ ಹತ್ತೂ ಬೆರಳು ಬಾಗಿಸಿ ಪರಚಿ ತೋರಿಸಿದೆ. ತಿಳಿಯಿತು ಎಂದು ತಲೆಯಾಡಿಸಿ ಬರೆದುಕೊಂಡಳು. ಅವರು ಹೇಗೆ ನಡೆಯುತ್ತಿದ್ದರು ಎಂದು ಕೇಳಿದಳು. ನಾನು ಬಾಗಿಲು ಮುಂದೆ ಮಾಡಿಕೊಂಡು ನಿಮ್ಮ ತಾತನ ನಡಿಗೆ ನಡೆದು ತೋರಿಸಿದೆ. ಎಡ ಭುಜ ಇಳಿಬಿಟ್ಟು, ಪ್ರತಿ ನಾಲ್ಕು ಹೆಜ್ಜೆಗೊಮ್ಮೆ ಗಂಟಲು ಸರಿಮಾಡಿಕೊಂಡು.

ಪ್ರದರ್ಶನದ ಹಿಂದಿನ ದಿನ ಮೇಡಂ ನನ್ನನ್ನು ಗೋದಾಮಿಗೆ ಕರೆದು ಕುರ್ಚಿ ಹಾಕಿದರು. ನಾಟಕ ಶುರುವಾಯಿತು. ಗಂಡನ ಪಾತ್ರದ ಹುಡುಗ ಕರಡಿಯನ್ನು ಕಂಡು ಓಡಿ ಬಂದು ಒಂದು ಕುಂಡದಲ್ಲಿ ಕಾಲಿಟ್ಟು ನಿಂತ. ಮೊಣಕಾಲೆತ್ತರದ ದಾಸವಾಳ. ನಮ್ಮ ಕಡೆ ಗಿಡ ಎಂದರೆ ಮರ ಎನ್ನುವುದು ಮೇಡಂಗೆ ಗೊತ್ತಿರಲಿಲ್ಲ, ಗೊತ್ತಿದ್ದ ಹುಡುಗಿ, ಮೇಡಂ ಕುಂಡವನ್ನು ಬೇಕೆಂದೇ ತರಿಸಿದ್ದಾರೆ ಎಂದುಕೊಂಡು ಸುಮ್ಮನಿದ್ದಳು. ಅತ್ತ ಕರಡಿ ರೊಟ್ಟಿ ತಿಂದಿತು. ತಿಂದು ಕಾಡಿಗೆ ಹೋಗಬೇಕಾದದ್ದು ನೆಟ್ಟಗೆ ಮನೆಗೆ ಬಂದು, ಕಾಲು ತೊಳೆದು ಚಹಾ ಕೇಳಿತು. ಹೆಂಡತಿ ಕೊಟ್ಟಳು. ಅಲ್ಲಿಂದ ಅವಳು ಕರಡಿಯ ಜೊತೆಗೇ ಸಂಸಾರ ಮಾಡಿದಳು, ಅವಳಿಗೂ ಊರಿಗೂ ವ್ಯತ್ಯಾಸವೇ ತಿಳಿಯಲಿಲ್ಲ. ನಿಜವಾದ ಗಂಡ ಕೊನೆಯವರೆಗೂ ಕುಂಡದಲ್ಲೇ ನಿಂತಿದ್ದ.

ಮನೆಗೆ ಬಂದ ಅವರು ಅದಲುಬದಲಾಗಿದ್ದರು. ತಪ್ಪು ಎನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ಕರಡಿ ಎಡ ಭುಜ ಇಳಿಬಿಟ್ಟು ನಾಲ್ಕು ಹೆಜ್ಜೆ ಹಾಕಿ ಗಂಟಲು ಸರಿಮಾಡಿಕೊಂಡಿತು. ನನ್ನ ಕಡೆ ನೋಡದೆ ಲೋಟಕ್ಕೆ ಕೈ ಚಾಚಿತು. ಮಕ್ಕಳೇ, ಅವರು ಹೋಗಿ ಆರು ವರ್ಷವಾಗಿತ್ತು. ನಾನು ಸೆರಗು ಬಾಯಿಗೆ ತುರುಕಿಕೊಂಡು ನಕ್ಕೆ. ಕುರ್ಚಿಯೂ ನನ್ನ ಜೊತೆ ಕುಲುಕಿತು.

"ಅಮ್ಮ, ಎಲ್ಲ ಸರಿಯಾಗಿದೆಯಾ?" ಎಂದರು ಮೇಡಂ.

ತಪ್ಪು ಎಂದರೆ ಕರಡಿ ರೊಟ್ಟಿ ತಿಂದು ಹೊರಟುಹೋಗಬೇಕು, ಕರಡಿಯಾಗಿದ್ದ ಆ ಹುಡುಗಿಯ ಪಾರ್ಟು ಅಲ್ಲಿಗೇ ಮುಗಿಯಿತು. ನಾಳೆ ಅವಳಪ್ಪ ಬರುತ್ತಾನೆ. ಕರಡಿ ಮುಖದ ತೂತಿನೊಳಗಿಂದ ಅವಳ ಕಣ್ಣುಗಳು ನನ್ನನ್ನೇ ನೋಡುತ್ತಿದ್ದವು.

"ಎಲ್ಲಾ ಸರಿ ಐತ್ರಿ" ಎಂದೆ.

ಮರುದಿನ ಪ್ರದರ್ಶನಕ್ಕೆಂದು ಬಸ್ಸಿನಲ್ಲಿ ಹೊಸಪೇಟೆಗೆ ಹೊರಟೆವು. ಕರಡಿಯ ತಲೆ ನನ್ನ ತೊಡೆಯ ಮೇಲಿತ್ತು. ಹೆಂಗಸರಿಗೆ ಬಸ್ಸು ಪುಕ್ಕಟೆಯಲ್ಲವೇ, ಕಂಡಕ್ಟರ್ ಅದನ್ನು ನೋಡಿ, "ಇವರು ಗಂಡಸೋ, ಹೆಂಗಸೋ? ಗಂಡಸಾದ್ರ ಟಿಕೆಟ್ ಆಗ್ತೈತಿ ನೋಡ್ರಿ" ಎಂದ. ಒಳಗೆ ಇರುವವಳು ತಾನೇ ಎಂದು ಹುಡುಗಿ ಆಧಾರ್ ಕಾರ್ಡು ತೋರಿಸಿದಳು.

ನಾಟಕಕ್ಕೆ ಜನ ಬಿದ್ದು ಬಿದ್ದು ನಕ್ಕರು. ನನ್ನ ಪಕ್ಕದಲ್ಲಿ ಕುಳಿತ ಅವಳಪ್ಪ ಮಾತ್ರ ನಗಲಿಲ್ಲ. ಬಂದ ಹೆಣ್ಣು ಪಾತ್ರಗಳಲ್ಲೆಲ್ಲ ಮಗಳನ್ನು ಹುಡುಕುತ್ತಿದ್ದ. ಮುಖ್ಯ ಪಾತ್ರ ಎಂದಷ್ಟೇ ಅವಳು ಅವನಿಗೆ ಹೇಳಿದ್ದಳು. ಕೊನೆಗೆ ಕರಡಿ ಮುಂದೆ ಬಂದು, ತಲೆ ತೆಗೆದು, ಬೆವರು ಸುರಿಸುತ್ತ ನಿಂತಾಗ ಅವನ ಮುಖ ಸಣ್ಣದಾಯಿತು. ಗಣಿಯಲ್ಲಿ ಇದನ್ನು ಹೇಗೆ ಹೇಳಿಕೊಳ್ಳುತ್ತಾನೆ ಪಾಪ. ಅವನು ನನ್ನ ಕಡೆ ತಿರುಗಿದ.

"ಅಮ್ಮಾ, ಕಥಿ ನಿಮ್ಮದಂತ. ನೀವ ಹೇಳ್ರಿ. ಕರಡಿ ಆಗಾಕೂ ಪಗಾರ ಕೊಡ್ತಾರೇನ್ರಿ?"

ಪರ ಗಂಡಸರ ಎದುರು ನಾನು ತಲೆಯೆತ್ತಿ ಮಾತಾಡಿದವಳಲ್ಲ. ಅವತ್ತು ಅವನ ಚಪ್ಪಲಿ ನೋಡುತ್ತಲೇ ಹೇಳಿಬಿಟ್ಟೆ.

"ಆಕಿ ಕರಡಿ ಆಗಿದ್ದಿಲ್ರಿ. ನಮ್ಮ ಮನಿಯವರು ಆಗಿದ್ಲು. ಹಂಗ ಆಗಾಕ ಎರಡು ತಿಂಗಳು ದುಡಿದಾಳ್ರಿ. ನಾನು ನಲವತ್ತು ವರ್ಷ ನೋಡೀನಿ, ನನಗೇ ಮೋಸ ಆತು."

ಮಗಳು ಹತ್ತಿರ ಬಂದಾಗ ಅವನು ಹೆಗಲ ಮೇಲಿನ ಟವಲು ತೆಗೆದು ಕೊಟ್ಟು, "ನಾಳೆ ಎಷ್ಟಕ್ಕ ಡ್ಯೂಟಿ?" ಎಂದ.

ಅವಳು ಈಗಲೂ ನಾಟಕದ ಸಾಲೆಯಲ್ಲಿದ್ದಾಳೆ. ರಜೆಯಲ್ಲಿ ಊರೂರಿಗೆ ಹೋಗಿ ನಿಮ್ಮ ತಾತನಾಗಿ ಚಹಾ ಕೇಳಿ ಬರುತ್ತಾಳೆ.

ಗಿಡ ಹತ್ತಿದವರು ನಿಮ್ಮ ತಾತ, ರೊಟ್ಟಿ ತಿಂದದ್ದು ಕರಡಿ, ಮನೆಗೆ ಬಂದು ಚಹಾ ಕೇಳಿದವರು ನಿಮ್ಮ ತಾತನೇ. ಈ ಸತ್ಯ ಬರೆದಿರುವುದು ಇದೊಂದು ಕಡೆ ಮಾತ್ರ. ಮೇಡಂ ಕೈಗೆ ಸಿಕ್ಕರೆ ನಾಟಕ ತಿದ್ದಿಬಿಡುತ್ತಾರೆ, ನಿಯಮದವರು. ಆದ್ದರಿಂದ ಈ ಹಾಳೆಗಳನ್ನು ನಿಮ್ಮ ಶಾಲೆಯ ಪುಸ್ತಕಗಳ ನಡುವೆ ಬಚ್ಚಿಡಿ, ಅಲ್ಲಿ ಯಾರೂ ತೆರೆದು ನೋಡುವುದಿಲ್ಲ ಎಂದು ನನಗೆ ಗೊತ್ತು.