ವೇದಿಕೆಯ ಮೇಲೆ ತೊಡಿಸಿದ ಕಿವಿ ಮಿಷಿನ್

ಸೇವೆ ಮಾಡುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ ಎಂದರೆ ಜನ ನನ್ನನ್ನೇ ಒಂದು ಥರ ನೋಡುತ್ತಾರೆ. ನೋಡಲಿ. ನಾನೂ ಕೆಲವು ವರ್ಷ ಸೇವೆ ಮಾಡಿದವಳೇ. ಮಲ್ಲೇಶ್ವರದ ಒಂದು ಸೇವಾ ಕ್ಲಬ್ಬಿನಲ್ಲಿ ಸದಸ್ಯೆಯಾಗಿದ್ದೆ. ಕೋಟಿಗೆ ಬ್ಯಾಡ್ಜು ಚುಚ್ಚಿಕೊಂಡ ಗಂಡಸರ ನಡುವೆ ರೇಷ್ಮೆ ಸೀರೆ ಉಟ್ಟು ಕೂತು, ಹೋಟೆಲಿನ ಆರಿದ ಗೋಬಿ ಮಂಚೂರಿ ತಿಂದು, ಎಲ್ಲರ ಭಾಷಣಕ್ಕೂ ಚಪ್ಪಾಳೆ ತಟ್ಟಿದ್ದೇನೆ.

ನನ್ನ ಕೆಲಸ ಕಿವಿಯದು. ಸಂಪಿಗೆ ರಸ್ತೆಗೆ ಹತ್ತಿರದ ಒಂದು ಅಡ್ಡರಸ್ತೆಯಲ್ಲಿ, ಔಷಧಿ ಅಂಗಡಿಯ ಮೇಲಿನ ಎರಡು ಕೋಣೆಗಳಲ್ಲಿ ನನ್ನ ಕ್ಲಿನಿಕ್ ಇದೆ. ಯಾರಿಗೆ ಎಷ್ಟು ಕೇಳಿಸುತ್ತದೆ ಎಂದು ಪರೀಕ್ಷೆ ಮಾಡಿ, ಅವರವರ ಕಿವಿಗೆ ತಕ್ಕಂತೆ ಹಿಯರಿಂಗ್ ಏಡ್ ಹೊಂದಿಸಿ ಕೊಡುತ್ತೇನೆ. ಜನರ ಬಾಯಲ್ಲಿ ಅದು ಕಿವಿ ಮಿಷಿನ್. ನಾನು ಡಾಕ್ಟರಲ್ಲ ಎಂದು ಎಷ್ಟು ಹೇಳಿದರೂ ಎಲ್ಲರೂ ಡಾಕ್ಟ್ರಮ್ಮ ಎಂದೇ ಕರೆಯುತ್ತಾರೆ.

ಕ್ಲಬ್ಬಿನಲ್ಲಿ ಒಂದು ಪದ್ಧತಿಯಿತ್ತು. ಸಭೆ ಶುರುವಾಗುವ ಮುಂಚೆ ಎಲ್ಲರೂ ಎದ್ದು ನಿಂತು, ನಮ್ಮ ವೃತ್ತಿಯನ್ನು ಪ್ರಾಮಾಣಿಕವಾಗಿ ನಡೆಸುತ್ತೇವೆ, ಅದರಿಂದ ಕಲಿತದ್ದನ್ನು ಊರಿಗೆ ಹಂಚುತ್ತೇವೆ ಎಂದು ಬಲಗೈ ಎದೆಗಿಟ್ಟು ಒಟ್ಟಿಗೆ ಹೇಳಬೇಕು. ಆಮೇಲೆ ತಿಂಗಳಿಗೊಬ್ಬರು ತಮ್ಮ ಕಸುಬಿನ ಬಗ್ಗೆ ಮಾತಾಡಬೇಕು. ಆಡಿಟರು ಮಾತಾಡಿದರು, ಪೈಂಟ್ ಅಂಗಡಿಯವರು ಮಾತಾಡಿದರು. ಒಬ್ಬ ವಕೀಲರಂತೂ ಸತ್ಯದ ಬಗ್ಗೆ ಎಷ್ಟು ಚೆನ್ನಾಗಿ ಮಾತಾಡಿದರೆಂದರೆ, ಅವರ ಕಕ್ಷಿದಾರರು ಕೇಳಿದ್ದರೆ ಗಾಬರಿಯಾಗುತ್ತಿದ್ದರು.

ನನ್ನ ಸರದಿ ಬಂದಾಗ ನಾನು ನಿಜವಾಗಿಯೂ ತಯಾರಿ ಮಾಡಿಕೊಂಡು ಹೋದೆ. ಕಿವಿ ಮಿಷಿನ್ ಕನ್ನಡಕದ ಹಾಗಲ್ಲ, ಹಾಕಿಕೊಂಡ ತಕ್ಷಣ ಲೋಕ ಸರಿಹೋಗುವುದಿಲ್ಲ ಎಂದೆ. ವರ್ಷಗಟ್ಟಲೆ ಸದ್ದಿಲ್ಲದೆ ಬದುಕಿದವರಿಗೆ ಫ್ಯಾನಿನ ಸದ್ದು, ತಟ್ಟೆಯ ಸದ್ದು ಕೂಡ ಕಲ್ಲು ಬೀಸಿ ಹೊಡೆದಂತೆ ಆಗುತ್ತದೆ. ಮೊದಲು ಬಾಗಿಲು ಹಾಕಿದ ಕೋಣೆಯಲ್ಲಿ, ಒಬ್ಬರ ಮೆಲುದನಿಯಿಂದ ಶುರು ಮಾಡಬೇಕು. ವಾರ ವಾರಕ್ಕೂ ಸ್ವಲ್ಪ ಸ್ವಲ್ಪ ಏರಿಸಬೇಕು. ಮೊದಲ ದಿನವೇ ಹೆದರಿದವರು ಮತ್ತೆ ಅದನ್ನು ಕಿವಿಗೆ ಹಾಕಿಕೊಳ್ಳುವುದೇ ಇಲ್ಲ ಎಂದೂ ಒತ್ತಿ ಹೇಳಿದೆ. ಎಲ್ಲರೂ ತಲೆಯಾಡಿಸಿದರು. ಪ್ರಶ್ನೆ ಇದೆಯೇ ಎಂದಾಗ ಒಬ್ಬರು ಗೊರಕೆಗೆ ಏನಾದರೂ ಮಿಷಿನ್ ಇದೆಯಾ ಎಂದು ಕೇಳಿದರು. ಇನ್ನೊಬ್ಬರು, "ನಮ್ಮತ್ತೆಗೆ ಹಾಕಿಸ್ಬಿಟ್ರೆ ನಾವು ಮಾತಾಡೋದೆಲ್ಲ ಅವ್ರಿಗೆ ಕೇಳಿಸ್ಬಿಡುತ್ತಲ್ಲ ಮೇಡಂ" ಎಂದು ಹಾಲ್ ತುಂಬ ನಗಿಸಿದರು.

ಆ ವರ್ಷದ ಅಧ್ಯಕ್ಷರು ಸೈಟು, ಅಪಾರ್ಟ್‌ಮೆಂಟಿನ ವ್ಯವಹಾರದವರು. ಮಾತು ಬಲ್ಲವರು. ನನ್ನ ಭಾಷಣ ಮುಗಿಯುತ್ತಲೇ ಎದ್ದು, ಈ ಸಲದ ನಮ್ಮ ವೃತ್ತಿ ಸೇವೆ ಎಂದರೆ ಬಡವರಿಗೆ ಉಚಿತ ಕಿವಿ ಮಿಷಿನ್, ಮೇಡಂ ಅವರದೇ ಮುಂದಾಳತ್ವ ಎಂದು ಘೋಷಿಸಿಬಿಟ್ಟರು. ನನಗೆ ಸಂತೋಷವಾಗಿ ಕಣ್ಣು ಒದ್ದೆಯಾಯಿತು. ಕಲಿತದ್ದು ಕೊನೆಗೂ ಊರಿನ ಉಪಯೋಗಕ್ಕೆ ಬಂತಲ್ಲ ಎಂದುಕೊಂಡೆ. ಈಗ ನೆನೆಸಿಕೊಂಡರೆ ಮೈ ಉರಿಯುತ್ತದೆ.

ನಾನು ಆರಿಸಿದವರಲ್ಲಿ ಎಂಟನೇ ಅಡ್ಡರಸ್ತೆಯ ಹತ್ತಿರ ಸೊಪ್ಪು ಮಾರುವ ಒಬ್ಬ ಅಮ್ಮ ಇದ್ದರು. ನಾನೇ ವರ್ಷಗಳಿಂದ ಅವರ ಹತ್ತಿರ ಸೊಪ್ಪು ತರುತ್ತಿದ್ದೆ. ಇತ್ತೀಚೆಗೆ ದಂಟು ಕೇಳಿದರೆ ಸಬ್ಬಸಿಗೆ ಕಟ್ಟಿ ಕೊಡುತ್ತಿದ್ದರು. ಗಿರಾಕಿಗಳು ರೇಗುತ್ತಿದ್ದರು. "ನೀವು ಇನ್ಮೇಲೆ ಮನೇಲಿರಿ, ಅಂಗ್ಡೀಲಿ ನಾನು ಕೂತ್ಕೊತೀನಿ" ಎಂದು ಸೊಸೆ ಒಂದೇ ಸಮನೆ ಹೇಳುತ್ತಿದ್ದಳಂತೆ. ಸೊಸೆಯ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ಆದರೆ ಆ ಅಮ್ಮ ಮೊದಲ ಸಲ ಕ್ಲಿನಿಕ್ಕಿಗೆ ಬಂದಾಗ ನನ್ನ ಕೈ ಹಿಡಿದುಕೊಂಡು, "ಮನೇಲಿ ಕೂತ್ರೆ ನಾನು ಸತ್ತಂಗೇ ಕಣಮ್ಮ. ಆ ಗೋಣಿಚೀಲದ ಮೇಲೆ ಕೂತ್ಕಂಡೇ ಮಕ್ಳನ್ನ ಸಾಕಿದೀನಿ. ಹೆಂಗಾದ್ರೂ ಮಾಡಿ ಅಲ್ಲೇ ಕೂರೋ ಹಂಗ್ ಮಾಡಿ" ಎಂದರು. ನಾನು ಮಾಡುತ್ತೇನೆ ಎಂದು ಮಾತು ಕೊಟ್ಟೆ.

ಕ್ಲಬ್ಬಿನ ಮಿಷಿನ್ ಬರುವತನಕ ಕ್ಲಿನಿಕ್ಕಿನದೇ ಒಂದನ್ನು ತೀರಾ ಕಡಿಮೆಯಿಟ್ಟು ಅಭ್ಯಾಸ ಮಾಡಿಸಿದೆ. ಎರಡನೇ ಸಲ ಬಂದಾಗ ಕೂದಲು ಸರಿಮಾಡಿಕೊಳ್ಳಲು ಕೈಯೆತ್ತಿದವರು ಹಾಗೇ ನಿಂತುಬಿಟ್ಟರು. "ಬಳೆ ಸದ್ದು ಮಾಡ್ತವೆ" ಎಂದು ಇನ್ನೊಂದು ಸಲ ಕೈ ಕುಲುಕಿ ನೋಡಿ ನಕ್ಕರು. ಸೊಪ್ಪಿನ ಹೆಸರುಗಳನ್ನು ನಾನು ಬೆನ್ನು ತಿರುಗಿಸಿ ನಿಂತು ಹೇಳಿದೆ, ಅವರು ಒಂದೊಂದನ್ನೂ ಸರಿಯಾಗಿ ಮರಳಿ ಹೇಳಿದರು. ಇನ್ನು ಕೆಲವು ವಾರ ಹೀಗೇ ನಡೆದಿದ್ದರೆ ಸಾಕಿತ್ತು.

ಅಷ್ಟರಲ್ಲಿ ನಗರ್ತಪೇಟೆಯ ಸಗಟು ಅಂಗಡಿಯಿಂದ ಮಿಷಿನ್‌ಗಳ ರಟ್ಟಿನ ಡಬ್ಬ ಬಂತು. ಅವನ್ನು ಕ್ಲಿನಿಕ್ಕಿನಲ್ಲೇ ಒಬ್ಬೊಬ್ಬರಿಗೆ ಹೊಂದಿಸಿ ಕೊಡುತ್ತೇನೆ, ನೀವು ಬಂದು ಅಲ್ಲೇ ಫೋಟೋ ತೆಗೆಸಿಕೊಳ್ಳಿ ಎಂದು ಅಧ್ಯಕ್ಷರಿಗೆ ಹೇಳಿದೆ.

"ಕ್ಲಿನಿಕ್ಕಲ್ಲಿ ಕೊಟ್ರೆ ಯಾರು ನೋಡ್ತಾರೆ ಮೇಡಂ? ನಾಲ್ಕು ಜನ ನೋಡಿದ್ರೆ ತಾನೇ ಇನ್ನೊಬ್ರಿಗೆ ಕೊಡೋ ಮನಸ್ಸು ಬರೋದು" ಎಂದರು.

"ವೇದಿಕೆ ಮೇಲೆ ಬೇಡ ಸರ್. ಸ್ಪೀಕರ್ ಪಕ್ಕ ನಿಲ್ಸಿ ಹಾಕಿದ್ರೆ ಅವ್ರ ಗತಿ ಏನಾಗುತ್ತೆ ಅಂತ ಅವತ್ತೇ ಹೇಳಿದ್ನಲ್ಲ."

ಕೊನೆಗೆ, ವೇದಿಕೆಯ ಮೇಲೆ ಮಿಷಿನನ್ನು ಕಿವಿಗೆ ಸುಮ್ಮನೆ ತೊಡಿಸುವುದು, ಆನ್ ಮಾಡಬಾರದು ಎಂದು ಒಪ್ಪಂದವಾಯಿತು. "ಆಯ್ತು ಮೇಡಂ, ನೀವ್ ಹೇಳಿದ್ಹಂಗೆ" ಎಂದು ಎಲ್ಲರ ಮುಂದೆ ಒಪ್ಪಿದರು. ಒಪ್ಪಿದ ಮಾತಿಗೆ ಬೆಲೆ ಇದೆ ಎಂದು ನಾನು ನಂಬಿದೆ.

ಚಾಮರಾಜಪೇಟೆಯ ಒಂದು ಕಲ್ಯಾಣ ಮಂಟಪದಲ್ಲಿ ಸಮಾರಂಭ. ಮುಖ್ಯ ಅತಿಥಿಗಳು ಬರುವುದು ತಡವಾಗಿ, ಮಿಷಿನ್ ಪಡೆಯಲು ಬಂದ ಮುದುಕರೆಲ್ಲ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಬಿಸಿಲಿಳಿಯುವವರೆಗೆ ಕಾದರು. ಸೊಪ್ಪಿನ ಅಮ್ಮನನ್ನೇ ಮೊದಲು ಕರೆದರು. ನಾನು ಮಿಷಿನನ್ನು ಆಫ್ ಮಾಡಿಯೇ ಅವರ ಕಿವಿಗೆ ತೊಡಿಸಿ ಪಕ್ಕಕ್ಕೆ ಸರಿದೆ. ಅಧ್ಯಕ್ಷರು ಮೈಕು ಹಿಡಿದು ಅವರ ಮುಖದ ಹತ್ತಿರ ಬಗ್ಗಿ, "ಕೇಳಿಸ್ತಾ ಅಮ್ಮಾ?" ಎಂದರು. ಅಮ್ಮ ಸುಮ್ಮನೆ ನೋಡಿದರು. ಅತಿಥಿಗಳ ಮುಂದೆ ಮಿಷಿನ್ ಕೆಲಸ ಮಾಡದಂತೆ ಕಂಡರೆ ಹೇಗೆ? ಅಧ್ಯಕ್ಷರು ಕೈ ಹಾಕಿ ಅದನ್ನು ಆನ್ ಮಾಡಿ, ಹಳೆಯ ರೇಡಿಯೋ ತಿರುಗಿಸುವವರ ಹಾಗೆ ಅದರ ಪುಟ್ಟ ಚಕ್ರವನ್ನು ಕೊನೆಯವರೆಗೂ ತಿರುಗಿಸಿ, ಮತ್ತೆ ಮೈಕಿನಲ್ಲಿ ಕೂಗಿದರು. ಮಿಷಿನ್ ಕುಯ್ಯೆಂದು ಸಿಳ್ಳೆ ಹಾಕಿದ್ದು ನನಗೇ ಕೇಳಿಸಿತು. ಅಮ್ಮನ ಮೈಯೆಲ್ಲ ಒಮ್ಮೆ ನಡುಗಿತು. ಕಣ್ಣು ಬಿಗಿಯಾಗಿ ಮುಚ್ಚಿಕೊಂಡರು, ಎರಡೂ ಕಣ್ಣಿಂದ ನೀರು ಇಳಿಯಿತು.

"ನೋಡಿ, ಆನಂದಬಾಷ್ಪ" ಎಂದರು ಅಧ್ಯಕ್ಷರು. ಸಭೆ ಎದ್ದು ನಿಂತು ಚಪ್ಪಾಳೆ ಹೊಡೆಯಿತು. ನಾನು ಜನರನ್ನು ತಳ್ಳಿಕೊಂಡು ಹೋಗಿ ಮಿಷಿನ್ ಕಿತ್ತು ತೆಗೆಯುವಷ್ಟರಲ್ಲಿ ಫೋಟೋ ತೆಗೆದು ಮುಗಿದಿತ್ತು.

ಮುಂದಿನ ಸಭೆಯಲ್ಲಿ, ಎದೆಯ ಮೇಲೆ ಕೈಯಿಟ್ಟು ಪ್ರಾಮಾಣಿಕತೆಯ ಮಾತು ಹೇಳಿ ಮುಗಿಸಿದ ಕೂಡಲೇ ನಾನು ಎದ್ದೆ. ಆ ಅಮ್ಮ ಅತ್ತದ್ದು ಸಂತೋಷಕ್ಕಲ್ಲ, ನೋವಿಗೆ. ಅವರು ಅವತ್ತಿನಿಂದ ಕ್ಲಿನಿಕ್ಕಿಗೆ ಬಂದಿಲ್ಲ. ಫೇಸ್‌ಬುಕ್ಕು, ಬ್ಯಾನರು ಎಂದು ಹಾಕಿರುವ ಆ ಫೋಟೋ ಎಲ್ಲ ಕಡೆಯಿಂದ ತೆಗೆಯಿರಿ, ಉಳಿದವರಿಗಾದರೂ ಅಭ್ಯಾಸ ಮಾಡಿಸಲು ನನಗೆ ಸಮಯ ಕೊಡಿ ಎಂದೆ. ಒಬ್ಬರು ಮೊಬೈಲು ನೋಡುತ್ತಿದ್ದರು. ಸತ್ಯದ ಬಗ್ಗೆ ಮಾತಾಡಿದ್ದ ವಕೀಲರು ಕಿಟಕಿಯ ಕಡೆ ತಿರುಗಿದರು. ಅಧ್ಯಕ್ಷರು ಮಾತ್ರ ತಾಳ್ಮೆಯಿಂದ, "ಮೇಡಂ, ಮೊಸರಲ್ಲಿ ಕಲ್ಲು ಹುಡುಕ್ಬೇಡಿ. ಒಳ್ಳೆ ಮನಸ್ಸಿಂದ ಮಾಡಿದೀವಿ. ಅವ್ರಿಗೆ ಅಭ್ಯಾಸ ಆಗುತ್ತೆ ಬಿಡಿ" ಎಂದರು. ಕಿವಿಯ ಕೆಲಸ ಕಲಿತವಳಿಗೆ ಸೈಟು ಮಾರುವವರು ಅಭ್ಯಾಸದ ಪಾಠ ಹೇಳಿದರು. ಉಳಿದವರು ಹೌದು ಹೌದು ಎಂದರು.

ವರ್ಷದ ಕೊನೆಗೆ ಕ್ಲಬ್ಬಿಗೆ ಅದರ ಮೇಲಿನ ಸಂಸ್ಥೆಯವರಿಂದ ಬಹುಮಾನ ಬಂತು. ನನಗೂ ವೃತ್ತಿ ಸೇವೆಗೆಂದು ಒಂದು ಫಲಕ ಕೊಟ್ಟರು. ಅದರ ಮೇಲೆ ಅದೇ ಫೋಟೋ, ಮುಚ್ಚಿದ ಕಣ್ಣು, ಕೆನ್ನೆಯ ಮೇಲಿನ ನೀರು, ಪಕ್ಕದಲ್ಲಿ ಅಧ್ಯಕ್ಷರ ನಗು. ಅದನ್ನು ಮೇಜಿನ ಮೇಲೇ ಬಿಟ್ಟು ಎದ್ದು ಬಂದೆ, ಮತ್ತೆ ಆ ಕಡೆ ಹೋಗಲಿಲ್ಲ. ಮರೆತು ಹೋಗಿದ್ದೀರಿ ಎಂದು ಮಾರನೆಯ ದಿನ ಡ್ರೈವರ್ ಕೈಯಲ್ಲಿ ಮನೆಗೇ ಕಳಿಸಿದರು.

ಅದಕ್ಕೆ ಮುಂಚೆಯೇ ನಾನು ಸೊಪ್ಪಿನ ಅಂಗಡಿಗೆ ಹಲವು ಸಲ ಹೋಗಿ, ಅಮ್ಮ ಕ್ಲಿನಿಕ್ಕಿಗೆ ಬರಲಿ ಎಂದು ಹೇಳಿಕಳಿಸಿದ್ದೆ. ಗೋಣಿಚೀಲದ ಮೇಲೆ ಸೊಸೆ ಕೂತಿರುತ್ತಿದ್ದಳು. "ಕಿವಿ ಮಿಷಿನ್ ಅಂದ್ರೆ ಸಾಕು ಮೇಡಂ, ನಮ್ಮತ್ತೆ ಎದ್ದು ಒಳಗ್ ಹೋಗ್ತಾರೆ. ಅಂಗ್ಡಿ ಕಡೆ ಬರೋದೂ ಬಿಟ್ಬಿಟ್ರು. ಕೂಗಿ ಕೂಗಿ ನಮ್ಗೂ ಸಾಕಾಗಿದೆ" ಎಂದಳು. ಕಡೆಗೆ ಒಂದು ಭಾನುವಾರ ಅವಳನ್ನೇ ವಿಳಾಸ ಕೇಳಿಕೊಂಡು ಓಕಳಿಪುರಂನ ಅವರ ಮನೆಗೆ ಹೋದೆ.

ಅಮ್ಮ ನಡುಮನೆಯಲ್ಲಿ ಒಬ್ಬರೇ ಕೂತು ಅವರೆಕಾಯಿ ಸುಲಿಯುತ್ತಿದ್ದರು. ಮನೆಯ ಹಿಂದೆಯೇ ರೈಲು ಹಾದುಹೋಯಿತು, ಗೋಡೆ ಅದುರಿತು, ಅವರು ತಲೆಯೆತ್ತಲಿಲ್ಲ. ನನ್ನನ್ನು ಕಂಡೊಡನೆ ಎದ್ದು ಚಾಪೆ ಹಾಸಿದರು. ನಾನು ಅವರೆದುರಿಗೆ ಕೂತು, ಚೀಲದಿಂದ ಮಿಷಿನ್ ತೆಗೆದು, ತುಟಿ ಕಾಣುವ ಹಾಗೆ ನಿಧಾನವಾಗಿ, "ಇಲ್ಲಿ ಯಾರೂ ಇಲ್ಲಮ್ಮ, ಮೈಕಿಲ್ಲ. ತುಂಬ ಕಮ್ಮಿ ಇಟ್ಟಿದೀನಿ. ಇನ್ನೊಂದ್ಸಲ ನೋಡೋಣ" ಎಂದೆ. ಅವರಿಗೆ ಅರ್ಥವಾಯಿತು. ನನ್ನ ಕೈ ಹತ್ತಿರ ಬಂದೊಡನೆ ತಲೆ ಹಿಂದಕ್ಕೆಳೆದುಕೊಂಡು ಎರಡೂ ಅಂಗೈಗಳಿಂದ ಕಿವಿ ಮುಚ್ಚಿಕೊಂಡರು.

ನಾನು ಮಿಷಿನನ್ನು ಚೀಲದೊಳಗೆ ಹಾಕಿದ ಮೇಲೆಯೇ ಅವರು ಕೈ ಇಳಿಸಿದ್ದು. ನನ್ನ ಮುಖ ನೋಡಿ ಅವರಿಗೇ ಕನಿಕರವಾಯಿತೋ ಏನೋ, ನನ್ನ ಮಂಡಿ ಸವರಿ, "ನಿಮ್ ಮೇಲೆ ಕೋಪ ಇಲ್ಲ ಕಣಮ್ಮ" ಎಂದರು. ಸ್ವಲ್ಪ ಹೊತ್ತು ಅವರೆಕಾಯಿ ಸುಲಿದರು. ಆಮೇಲೆ ಕೈ ನಿಲ್ಲಿಸಿ, "ಒಂದ್ ಮಾತು ಕೇಳ್ತೀನಿ, ಓದಿದೀರ, ಹೇಳಿ. ಅವತ್ತು ನಾನು ನೋವಿಗೆ ಅಳ್ತಿದ್ದೆ. ಅಷ್ಟೊಂದ್ ಜನ ದೊಡ್ಡೋರು ಎದ್ದು ನಿಂತ್ಕಂಡು ಚಪ್ಪಾಳೆ ಹೊಡೆದ್ರಲ್ಲ, ಯಾಕಮ್ಮ?" ಎಂದರು.

ಉತ್ತರಕ್ಕಾಗಿ ಅವರು ನನ್ನ ತುಟಿಗಳನ್ನೇ ನೋಡುತ್ತ ಕಾದರು.